ಹೆಗಲಿಗೆ ಬಾರದ ಅಂಗಿ

ಸಿನಿಮಾ ನೋಡಿ ಕೆಟ್ಟವರ ಪಟ್ಟಿಯಲ್ಲಿ ನನ್ನದೂ ಒಂದು ಹೆಸರಿದೆ ಸ್ವಾಮಿ! ಪಾಲ್ ನ್ಯೂಮನ್‌ನ 'ಹಡ್' (1963) ನೋಡಿದಂದಿನಿಂದ ನನಗೆ ಕೌಬಾಯ್ ಅಂಗಿಯ ಹುಚ್ಚು. ಎದೆ ಮೇಲೆ ಮೊನೆಯಾಗಿ ಇಳಿದ ಯೋಕ್, ಗರಗಸದ ಹಲ್ಲಿನಂಥ ಜೇಬಿನ ಮುಚ್ಚಳ, ಮುತ್ತಿನ ಹಾಗೆ ಹೊಳೆಯುವ ಟಿಚ್ ಬಟನ್... ಅಬ್ಬಾ!

ಈ ಟಿಚ್ ಬಟನ್ ಅಂಗಿಗೆ ಹೆಸರಾದವರು ಅಮೆರಿಕದ ಡೆನ್ವರ್ ನಗರದ ಜಾಕ್ ವೈಲ್. 1946ರಲ್ಲಿ ರಾಕ್‌ಮೌಂಟ್ ಕಂಪನಿ ತೆರೆದು, 2008ರಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಯಜಮಾನಿಕೆ ಬಿಡದ ಪುಣ್ಯಾತ್ಮ. ಅಂಗಿ ಕುದುರೆ ಜೀನಿಗೋ ಮುಳ್ಳಿಗೋ ಸಿಕ್ಕಿಕೊಂಡರೆ ಬಟ್ಟೆ ಹರಿಯದೆ ಗುಂಡಿ ಪಟಪಟ ಬಿಚ್ಚಿಕೊಳ್ಳಲಿ ಅನ್ನೋ ಉಪಾಯ. 'ಬ್ರೋಕ್‌ಬ್ಯಾಕ್ ಮೌಂಟನ್' (2005) ನಾಯಕರು ತೊಟ್ಟದ್ದೂ ಆ ಕಂಪನಿಯ ಅಂಗಿಗಳನ್ನೇ.

ಲೇಖನಕ್ಕಿಷ್ಟು ಅಂತ ಎಣಿಸಿಕೊಂಡು ಬದುಕುವ ನನ್ನ ಜೇಬಿಗೆ ಅದೆಲ್ಲಿ ಎಟುಕೀತು? ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಅದೇ ಮಾದರಿಯ ಹಳೇ ಡೆನಿಮ್ ಅಂಗಿ ಸಿಕ್ಕಿತು. 300 ರೂಪಾಯಿ. ಹಾಕಿ ನೋಡದೆ ತಂದೆ. ಅಲ್ಲೇ ಕೆಟ್ಟಿದ್ದು! ಭುಜದ ಹೊಲಿಗೆ ತೋಳಿನ ಮೇಲೆ ಎರಡಿಂಚು ಜಾರಿ ಕೂತಿತ್ತು.

ಟೈಲರ್ ಅಣ್ಣ ತಿರುಗಿಸಿ ಮುರುಗಿಸಿ ನೋಡಿದರು. "ಹೊಟ್ಟೆ ಹಿಡಿಸ್ತೀನಿ, ತೋಳು ಗಿಡ್ಡ ಮಾಡ್ತೀನಿ. ಶೋಲ್ಡರ್ ಮಾತ್ರ ಮುಟ್ಟಲ್ಲಪ್ಪ. ಯೋಕ್ ಬಿಚ್ಚಿದ್ರೆ ಆ ಮೊನೆ ಹಾಳು, ಟಿಚ್ ಕಿತ್ರೆ ತೂತು ಉಳೀತದೆ." ತೋಳು ಉದ್ದ ಇರುವುದೂ ಸುಮ್ಮನಲ್ಲ, ಲಗಾಮು ಹಿಡಿದು ಕೈ ಚಾಚಿದಾಗ ಮೇಲೆ ಸರಿಯಬಾರದು. ಹಿಂದಿನ ಅಂಚು ಉದ್ದ, ಸವಾರಿಯಲ್ಲಿ ಪ್ಯಾಂಟಿನಿಂದ ಈಚೆ ಬರಬಾರದು. ನನ್ನ ಸವಾರಿಯೋ ರಾಮನಗರ ಟು ಮೆಜೆಸ್ಟಿಕ್ ಬಸ್ಸಿನಲ್ಲಿ!

ಬಿಸಿನೀರಿಗೆ ಹಾಕಿದರೆ ಕುಗ್ಗೀತೆಂದು ರಾತ್ರಿಯಿಡೀ ನೆನೆಸಿಟ್ಟೆ. ಹೊಸ ಕೋರಾ ಡೆನಿಮ್ ಆಗಿದ್ದರೆ ಕುಗ್ಗುತ್ತಿತ್ತು. ಇದು ನೂರು ನೀರು ಕಂಡ ಬಟ್ಟೆ, ಜಪ್ಪಯ್ಯ ಅನ್ನಲಿಲ್ಲ.

ಹಗ್ಗದ ಮೇಲೆ ಒಣಗುತ್ತಿದ್ದುದನ್ನು ಅಪ್ಪ ನೋಡಿದ. ನಾನು ಪಿಯುಸಿ ಬಿಟ್ಟಂದಿನಿಂದ ನಮ್ಮಿಬ್ಬರ ನಡುವೆ "ಊಟ ಆಯ್ತಾ" ಬಿಟ್ಟು ಮಾತಿಲ್ಲ. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತ ಹೆಗಲು ಅವನದು.

"ಏನ್ಲಾ ಇದು, ಬೆದರುಬೊಂಬೆಗೆ ಇಕ್ಕದಂಗದೆ ನಿಂಗೆ. ತತ್ತಾ ಇಲ್ಲಿ."

ತೊಟ್ಟ. ಹೊಲಿಗೆ ಸರಿಯಾಗಿ ಭುಜದ ಮೂಳೆಯ ತುದಿಗೆ ಕೂತಿತು. ಪಟ್ ಪಟ್ ಅಂತ ಟಿಚ್ ಒತ್ತಿಕೊಂಡು, "ಸಣ್ಣುಡ್ಗ ಆಗಿದ್ದಾಗ ಬೆಟ್ಟದ ಹತ್ರ 'ಶೋಲೆ' ಶೂಟಿಂಗ್ ನೋಡಕ್ಕೋಯ್ತಿದ್ದೋ. ಅಮಿತಾಬು ಇಂಥದೇ ಬಟ್ಟೆ ಇಕ್ಕಂಡಿದ್ದ ಕಣ್ಲಾ" ಅಂದ. 1973ರಲ್ಲಿ ಶುರುವಾದ ಆ ಶೂಟಿಂಗ್ ಕತೆ ಅವನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಆವತ್ತು ದೀಪ ಹಚ್ಚುವ ಹೊತ್ತಿನ ತನಕ ಹೇಳಿದ. ಪಿಯುಸಿ ಮಾತು ಮಾತ್ರ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸೋಮವಾರ ಅದನ್ನೇ ತೊಟ್ಟು ಮಾರ್ಕೆಟ್ಟಿಗೆ ಹೋದ. ನಾನು ಇನ್ನೊಂದು ಹುಡುಕುತ್ತಿದ್ದೀನಿ. ಈ ಸಲ ಮೊದಲು ಭುಜದ ಹೊಲಿಗೆ, ಆಮೇಲೆ ಗುಂಡಿ.