ಹೊಲದಲ್ಲಿ ದುಡಿದವರು ಯಾರು?

ನಂದಗಡದ ಶಾಲೆಯೊಂದರಲ್ಲಿ ಇತಿಹಾಸದ ಪಾಠ ನಡೆದಿತ್ತು. ಅಮೆರಿಕದ ದಕ್ಷಿಣ ಭಾಗದ ಇಂಗ್ಲಿಷ್ ವಸಾಹತುಗಳು: 1607ರಲ್ಲಿ ವರ್ಜೀನಿಯದ ಜೇಮ್ಸ್‌ಟೌನ್, ಆಮೇಲೆ ಮೇರಿಲ್ಯಾಂಡ್, ಕೆರೊಲಿನ, ಕೊನೆಗೆ 1733ರಲ್ಲಿ ಜಾರ್ಜಿಯ. ಮಕ್ಕಳು ಇಸವಿ ಬರೆದುಕೊಳ್ಳುತ್ತಿದ್ದರು. ಹಿಂದಿನ ಬೆಂಚಿನ ಸಿದ್ದಿ ಹುಡುಗನೊಬ್ಬ ಪೆನ್ನು ಕೆಳಗಿಟ್ಟು ಕೇಳಿದ: "ಸರ್, ಅಲ್ಲಿ ಹೊಲದಾಗ ದುಡದವ್ರು ಯಾರ್ರೀ?"

ಇದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ. ಆದರೂ ಮಾಸ್ತರು ಪುಸ್ತಕ ಮುಚ್ಚಿದರು.

ಜೇಮ್ಸ್‌ಟೌನಿಗೆ ಬಂದವರು ಚಿನ್ನದ ಆಸೆಯಿಂದ ಬಂದರು; ಸಿಕ್ಕಿದ್ದು ರೋಗ ಮತ್ತು ಹಸಿವು. 1609-10ರ ಒಂದೇ ಚಳಿಗಾಲದಲ್ಲಿ ಬಹುಪಾಲು ಜನ ಸತ್ತರು. ವಸಾಹತನ್ನು ಉಳಿಸಿದ್ದು 1612ರ ಸುಮಾರಿಗೆ ಜಾನ್ ರಾಲ್ಫ್ ಬೆಳೆದ ತಂಬಾಕು. ಈ ಬೆಳೆಗೆ ಎಷ್ಟು ಕೈಗಳು ಬೇಕೆಂಬುದನ್ನು ನಮ್ಮ ನಿಪ್ಪಾಣಿಯ ರೈತರನ್ನು ಕೇಳಬೇಕು. ಮಣ್ಣಿನ ಸತ್ವವನ್ನೂ ಅದು ಬೇಗ ಹೀರಿಬಿಡುತ್ತದೆ. ಹೀಗಾಗಿ ಹೊಸ ಹೊಸ ಭೂಮಿ ಬೇಕಾಯಿತು. ಅದನ್ನು ಮೂಲನಿವಾಸಿಗಳಿಂದ ಕಿತ್ತುಕೊಂಡರು. ಆಳುಗಳೂ ಬೇಕಾದರು. ಮೊದಮೊದಲು ದುಡಿದವರು ಇಂಗ್ಲೆಂಡಿನ ಬಡವರು. ಹಡಗಿನ ಖರ್ಚು ತೀರಿಸಲು ನಾಲ್ಕರಿಂದ ಏಳು ವರ್ಷದ ಕರಾರಿಗೆ ಸಹಿ ಹಾಕಿದವರು. 1619ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರು ಬಂದಿಳಿದರು. ಅಂಗೋಲದಿಂದ ಅವರನ್ನು ಸಾಗಿಸುತ್ತಿದ್ದ ಪೋರ್ಚುಗೀಸ್ ಹಡಗನ್ನು ಇಂಗ್ಲಿಷ್ ಹಡಗಿನವರು ನಡುದಾರಿಯಲ್ಲಿ ದೋಚಿದ್ದರು.

1662ರಲ್ಲಿ ವರ್ಜೀನಿಯ ಒಂದು ಕಾನೂನು ಮಾಡಿತು: ತಾಯಿ ಗುಲಾಮಳಾದರೆ ಹುಟ್ಟುವ ಕೂಸೂ ಗುಲಾಮ. ಕರಾರಿಗೆ ಒಂದು ಕೊನೆಯಿತ್ತು, ಇದಕ್ಕಿಲ್ಲ. ಜಾರ್ಜಿಯವೇನೋ ಮೊದಲು ಗುಲಾಮಗಿರಿಯನ್ನು ನಿಷೇಧಿಸಿತ್ತು. ನೆರೆಯ ಕೆರೊಲಿನದವರು ಭತ್ತದಲ್ಲಿ ಗಳಿಸುವುದನ್ನು ಕಂಡ ಮೇಲೆ, 1751ರ ಹೊತ್ತಿಗೆ, ಆ ನಿಷೇಧವೂ ಹೋಯಿತು.

ಅದೇ ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗೋವೆಗೂ ಜನರನ್ನು ತಂದು ಮಾರಿದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಖಾನಾಪುರ, ಹಳಿಯಾಳ, ಯಲ್ಲಾಪುರದ ಕಾಡು ಸೇರಿದರು. 1831ರಲ್ಲಿ ಇದೇ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ದಂಡಿನಲ್ಲಿ ಸಿದ್ದಿಗಳೂ ಇದ್ದರೆಂದು ಈ ಸೀಮೆಯ ಜನ ಹೇಳುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಕಾಡು ಒಂದೇ, ನಡುವೆ ಜಿಲ್ಲೆಯ ಗಡಿ!

"ಹಂಗಾದ್ರ ವರ್ಜೀನಿಯಾದವ್ರು ನಮ್ಮ ಬಳಗದವ್ರ ಏನ್ರಿ?" ಎಂದ ಹುಡುಗ.

"ಅವರು ಆಫ್ರಿಕದ ಪಡುವಣ ದಂಡಿಯವರಪ್ಪ, ನಿಮ್ಮವರು ಮೂಡಣ ದಂಡಿಯವರು," ಎಂದರು ಮಾಸ್ತರು. "ಒಯ್ದವರು ಮಾತ್ರ ಒಬ್ಬರೇ."

ಗಂಟೆ ಬಾರಿಸಿತು. ಉಳಿದವರು ಹೊರಗೆ ಓಡಿದರು. ಹುಡುಗ ಭೂಪಟದ ಮುಂದೆ ನಿಂತು ಮೊಜಾಂಬಿಕ್ ಎಲ್ಲಿದೆಯೆಂದು ಹುಡುಕುತ್ತಿದ್ದ.