ಪಕ್ಕದ ಮನೆಯಲ್ಲಿ ಉಂಟಾ?

ಕಾಪುವಿನ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆ. ಹತ್ತನೆಯ ತರಗತಿ, ನರವ್ಯೂಹದ ಪಾಠ. ಮೊದಲ ದಿನವೇ ಚಾರ್ಟ್ ತೂಗುಹಾಕಿ ಡೆಂಡ್ರೈಟ್, ಆಕ್ಸಾನ್, ಪರಾವರ್ತಿತ ಚಾಪ ಎಂದು ಹೆಸರುಗಳನ್ನು ಸುರಿದೆ. ಮಕ್ಕಳು ಬರೆದುಕೊಂಡರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಇಷ್ಟೇ: 'ಚಾರ್ಟ್ ಚೆನ್ನಾಗಿದೆ.' ಅದು ಹೊಗಳಿಕೆಯಲ್ಲ ಎಂದು ಹೊಳೆದದ್ದು ಬಸ್ಸಿನಲ್ಲಿ ಉಡುಪಿ ತಲುಪುವಾಗ.

ಆ ಭಾನುವಾರ ಕಾರ್ಕಳದ ಮನೆಗೆ ಚಿಕ್ಕಮ್ಮನ ಮಗಳೂ ಬಂದಿದ್ದಳು. ಮಣಿಪಾಲದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. "ಅಕ್ಕ, ಹೃದಯ, ಶ್ವಾಸಕೋಶ ಹೇಗೋ ಆಗ್ತದೆ. ನರದ ಕೇಸ್ ಸಿಕ್ಕಿದರೆ ಮಾತ್ರ ಕೈಕಾಲು ತಣ್ಣಗಾಗ್ತದೆ" ಎಂದಳು. ಮೊದಲ ವರ್ಷ ನರಮಾರ್ಗಗಳನ್ನೆಲ್ಲ ಬಾಯಿಪಾಠ ಮಾಡಿದವಳು ಅವಳು! ಈ ಭಯಕ್ಕೆ ಒಂದು ಹೆಸರೇ ಉಂಟು: ನ್ಯೂರೋಫೋಬಿಯಾ. 1994ರಲ್ಲಿ ಅಮೆರಿಕದ ನರರೋಗ ತಜ್ಞ ರಾಲ್ಫ್ ಜೋಸೆಫೋವಿಚ್ ಇಟ್ಟದ್ದು. ಓದಿದ ಮೂಲವಿಜ್ಞಾನವನ್ನು ರೋಗಿಯ ಹತ್ತಿರಕ್ಕೆ ಒಯ್ಯಲಾಗದ ಕಷ್ಟವನ್ನು ಅವರು ಗುರುತಿಸಿದ್ದರು. ನಮ್ಮ ಪಾಠ ಯೋಜನೆಯ ಭಾಷೆಯಲ್ಲಿ ಹೇಳುವುದಾದರೆ, ಜ್ಞಾನ ಉಂಟು, ಅನ್ವಯ ಇಲ್ಲ.

ಅವಳು ಪುಸ್ತಕ ತೆರೆದಳು, ನಾನು ಮುಚ್ಚಿಸಿದೆ. ಅದರಲ್ಲಿದ್ದದ್ದು ನನಗೂ ಅರ್ಥವಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

"ಮಳೆಗೆ ಕರೆಂಟ್ ಹೋದರೆ ಲೈನ್‌ಮ್ಯಾನ್ ಮೊದಲು ಏನು ಕೇಳ್ತಾರೆ?"

"ಪಕ್ಕದ ಮನೆಯಲ್ಲಿ ಉಂಟಾ ಅಂತ."

"ರೋಗದ ಹೆಸರು ಆಮೇಲೆ. ಮೊದಲು ಯಾವ ಕಂಬ ಅಂತ ಹೇಳು."

ಅವಳ ನೋಟ್ಸಿನ ಒಂದು ಕೇಸ್: ಎರಡೂ ಕಾಲಿಗೆ ಬಲವಿಲ್ಲ, ಹೊಕ್ಕುಳಿನಿಂದ ಕೆಳಗೆ ಸ್ಪರ್ಶ ತಿಳಿಯುವುದಿಲ್ಲ, ಕೈಗಳು ಸರಿ. ಅವಳು ಯೋಚಿಸಿದಳು. "ಕೈ ಸರಿ ಉಂಟಲ್ಲ, ಹಾಗಾದರೆ ಕುತ್ತಿಗೆಯಲ್ಲಿ ಲೈನ್ ಸರಿ. ಹೊಕ್ಕುಳಿನ ಮಟ್ಟಕ್ಕೆ ಬರುವುದು ಎದೆಭಾಗದ ಹತ್ತನೆಯ ನರ. ಮೆದುಳುಬಳ್ಳಿಗೆ ಪೆಟ್ಟು ಬಿದ್ದದ್ದು ಅಲ್ಲೇ ಸುತ್ತಮುತ್ತ!" ಮುಂದಿನ ಕೇಸಿನಲ್ಲಿ ಬಲಗೈ, ಬಲಗಾಲು, ಮುಖದ ಬಲಭಾಗ ಸೋತಿತ್ತು, ಮಾತೂ ಹೋಗಿತ್ತು. ಬಲಗಡೆಯ ಕಂಬ ಎಂದು ನಾನೇ ತಪ್ಪಿದೆ. "ಇದು ಮೆದುಳಿನ ಎಡಭಾಗ, ಅಕ್ಕ. ನರದ ಲೈನ್ ಆಚೆ ದಾಟ್ತದೆ, ಮೆಸ್ಕಾಂನದ್ದು ದಾಟುವುದಿಲ್ಲ" ಎಂದು ನಕ್ಕಳು. ಸಂಜೆಯವರೆಗೆ ಆರು ಕೇಸ್ ಮುಗಿಸಿದೆವು.

ಕಾಪುವಿಗೆ ಮರಳಿ ಹೋದಾಗ ಚಾರ್ಟ್ ಬಿಚ್ಚಲಿಲ್ಲ. ಮಕ್ಕಳನ್ನು ಡೆಸ್ಕಿನ ಮೇಲೆ ಕಾಲು ಇಳಿಬಿಟ್ಟು ಕೂರಿಸಿ, ಮಂಡಿಚಿಪ್ಪಿನ ಕೆಳಗೆ ಅಂಗೈ ಅಂಚಿನಿಂದ ಮೆಲ್ಲಗೆ ತಟ್ಟಿದೆ. ಕಾಲುಗಳು ತಾವಾಗಿ ಹಾರಿದವು, ನಗುವೋ ನಗು. ಒಬ್ಬ ಹುಡುಗನದ್ದು ಮಾತ್ರ ಅಲುಗಲಿಲ್ಲ. ತರಗತಿ ಸ್ತಬ್ಧವಾಯಿತು. "ಟೀಚರ್, ನನ್ನ ನರ ಸತ್ತಿದೆಯಾ?"

ಪಾಠ ಯೋಜನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಭಯ ಹುಟ್ಟಿಸಿದವಳು ಈಗ ನಾನೇ. ತಂಗಿ ಹೇಳಿದ್ದು ನೆನಪಾಯಿತು. ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ಜೋರಾಗಿ ಎಳೆಯಲು ಹೇಳಿದೆ. ಹಂಗೇರಿಯ ವೈದ್ಯ ಯೆಂಡ್ರಾಸಿಕ್ 19ನೇ ಶತಮಾನದಲ್ಲೇ ತೋರಿಸಿದ ಉಪಾಯ ಅದು. ಅವನು ಎಳೆಯುತ್ತಿದ್ದಾಗ ತಟ್ಟಿದೆ. ಕಾಲು ಹಾರಿತು. ಕೈ ಎಳೆದರೆ ಕಾಲಿಗೇನು ಸಂಬಂಧ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಆ ವಾರದ ಮೊದಲ ಪ್ರಶ್ನೆ.

ಮರುದಿನ ಅದೇ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಮನೆಯವರಿಗೆಲ್ಲ ತಟ್ಟಿ ನೋಡಿದ್ದನಂತೆ. "ಅಜ್ಜಿಗೆ ಬರಲಿಲ್ಲ ಟೀಚರ್. ಕೈ ಎಳೆಸಿದರೂ ಇಲ್ಲ."

ಮಣಿಪಾಲಕ್ಕೆ ಫೋನ್ ಮಾಡಿದೆ. "ವಯಸ್ಸಾದವರಿಗೆ ಕಡಿಮೆಯಾಗುವುದುಂಟು" ಎಂದ ತಂಗಿ ಅಲ್ಲಿಗೇ ಬಿಡಲಿಲ್ಲ. "ಒಂದೇ ಕಾಲಾ, ಎರಡೂವಾ? ಅಜ್ಜಿಗೆ ಶುಗರ್ ಉಂಟಾ? ಪಾದ ಜೋಮು ಹಿಡಿಯುವುದುಂಟಾ? ಕೇಳಿ ಹೇಳು, ಅಕ್ಕ."