ಟೈಲೆಂಡಿನ ನೂರು ಎಂಬಿಪಿಎಸ್

ಬೆಳಕವಾಡಿಯ ನಮ್ಮ ಮನೆಯಲ್ಲಿ ಇಂಟರ್ನೆಟ್ ಬೆಳಗಿನ ಜಾವ ಕುದುರೆ ಓಡಿದಂತೆ ಓಡುತ್ತದೆ. ಡೇರಿಗೆ ಹಾಲು ಹಾಕುವ ಹೊತ್ತಿಗೆ ಸ್ಪೀಡ್ ಟೆಸ್ಟಿನ ಮುಳ್ಳು ಜಾಹೀರಾತಿನ ನೂರರ ಹತ್ತಿರ ಹೋಗಿ ನಿಲ್ಲುತ್ತದೆ. ಆಗ ಅದರಿಂದ ಯಾರಿಗೂ ಕೆಲಸವಿಲ್ಲ. ರಾತ್ರಿ ಎಂಟರ ಮೇಲೆ ಬೆಂಗಳೂರಿನ ಮಗಳು ವಿಡಿಯೋ ಕಾಲ್ ಮಾಡಿದರೆ ಮೊಮ್ಮಗನ ಬಾಯಿ ತೆರೆದದ್ದು ತೆರೆದಂತೆಯೇ ಇರುತ್ತದೆ. ಅತ್ತನೋ ನಕ್ಕನೋ ತಿಳಿಯಲು ಮತ್ತೆ ಮಾಮೂಲಿ ಫೋನೇ ಗತಿ.

ಲೈನಿನ ಹುಡುಗನನ್ನು ಹಿಡಿದು ಕೇಳಿದೆ. "ಅಪ್ ಟು ನೂರು ಅಂತ ಹಾಕವ್ರಲ್ಲ ಸಾ, ನೋಡ್ನಿಲ್ವಾ?" ಅಂದ. ನೋಡಿದೆ. ನೂರನ್ನು ಅಂಗೈ ಅಗಲ ಅಚ್ಚು ಹಾಕಿದ್ದರು. ಅಪ್ ಟು ಓದಲು ಕನ್ನಡಕ ಬೇಕಾಯಿತು. ಆ ನೂರೂ ಬಿಟ್ಟಿನ ಲೆಕ್ಕ. ಸಿನಿಮಾ ಇಳಿಸಿಕೊಳ್ಳುವಾಗ ಕಂಪ್ಯೂಟರ್ ತೋರಿಸುವುದು ಸಾಮಾನ್ಯವಾಗಿ ಬೈಟಿನ ಲೆಕ್ಕ. ಎಂಟು ಬಿಟ್ಟಿಗೆ ಒಂದು ಬೈಟು. ನೂರಕ್ಕೆ ನೂರು ಬಂದರೂ ಕಣ್ಣಿಗೆ ಕಾಣುವುದು ಸೆಕೆಂಡಿಗೆ 12.5 ಮೆಗಾಬೈಟ್.

ಉಳಿದದ್ದನ್ನು ನಮ್ಮ ಮಳವಳ್ಳಿ ತಾಲ್ಲೂಕಿನ ರೈತನಿಗೆ ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್‌ನಿಂದ ಎಷ್ಟು ಕ್ಯೂಸೆಕ್ ಬಿಟ್ಟರೆಂಬುದು ಪೇಪರಿನಲ್ಲಿ ಬರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಟೈಲೆಂಡಿಗೆ, ಅಂದರೆ ಕೊನೆಯ ತುದಿಗೆ, ಎಷ್ಟು ಬಂತೆಂಬುದು ಗದ್ದೆಯವನಿಗಷ್ಟೇ ಗೊತ್ತು. ಫೈಬರೂ ಹಾಗೆಯೇ. ಜಿಪಾನ್ ಎಂಬ ಬಗೆಯ ಜಾಲದಲ್ಲಿ ಒಂದು ಎಳೆಯೊಳಗೆ ಮನೆಗಳತ್ತ ಹರಿಯುವುದು ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್. ಸ್ಪ್ಲಿಟರ್ ಅದನ್ನು 32 ಅಥವಾ 64 ಮನೆಗಳಿಗೆ ಕವಲೊಡೆಸುತ್ತದೆ. 64 ಮನೆಯವರೂ ಒಟ್ಟಿಗೆ ಎಳೆದರೆ ತಲಾ 40ಕ್ಕೂ ಕಡಿಮೆ. ಊರಿನಿಂದ ಪೇಟೆಗೆ ಹೋಗುವ ಲೈನೇ ಕಿರಿದಾಗಿದ್ದರೆ ಅಷ್ಟೂ ಇಲ್ಲ. ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ವ್ಯಾಪಾರ ನಿಂತಿದೆ. ಐಪಿಎಲ್ ರಾತ್ರಿ ಅದು ಕುಸಿಯುತ್ತದೆ. ಜಾಹೀರಾತು ಸುಳ್ಳಲ್ಲ; ನೆರೆಹೊರೆಯವರೆಲ್ಲ ಮಲಗಿದ್ದಾಗ ಮಾತ್ರ ಅದು ನಿಜ.

ಬಂದದ್ದರಲ್ಲೂ ಒಂದು ಪಾಲನ್ನು ನಾವೇ ಸೋರಿಸುತ್ತೇವೆ. ನಡುಮನೆಯ ಟಿವಿ ಹಿಂದೆ ರೂಟರ್ ಅಡಗಿಸಿಟ್ಟು, ಮೊಳ ದಪ್ಪದ ಮಣ್ಣುಗೋಡೆಯಾಚೆ ಕೂತು ಕಂಪನಿಯನ್ನು ಬೈಯುತ್ತೇವೆ. 2.4 ಗಿಗಾಹರ್ಟ್ಸ್ ಅಲೆ ಗೋಡೆಯನ್ನು ಹೇಗೋ ದಾಟುತ್ತದೆ, ಆದರೆ ಅಕ್ಕಪಕ್ಕದ ವೈಫೈಗಳೂ ಅಲ್ಲೇ ನೂಕಾಡುತ್ತಿರುತ್ತವೆ. 5 ಗಿಗಾಹರ್ಟ್ಸ್‌ಗೆ ವೇಗವುಂಟು, ಗೋಡೆ ಕಂಡರೆ ಸೊರಗುತ್ತದೆ.

ಸರ್ಕಾರದ ಮೊರೆ ಹೋಗೋಣವೆಂದರೆ, ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಕೇಂದ್ರ 2023ರಲ್ಲಿ 512 ಕೆಬಿಪಿಎಸ್‌ನಿಂದ ಏರಿಸಿದ್ದು ಬರೀ 2 ಎಂಬಿಪಿಎಸ್‌ಗೆ. ನೂರಕ್ಕೆ ದುಡ್ಡು ಕಟ್ಟಿ ಮೂರು ಬಂದರೂ ಕಾಗದದ ಮೇಲೆ ನಮ್ಮದು ಬ್ರಾಡ್‌ಬ್ಯಾಂಡೇ.

ನೀರಿಗಾದರೆ ಕಟ್ಟು ಪದ್ಧತಿ ಉಂಟು, ಸರದಿ ಉಂಟು, ತೂಬು ಕಾಯುವ ನೀರಗಂಟಿ ಉಂಟು. ಬಾರದಿದ್ದರೆ ಮಂಡ್ಯದವರು ಹೆದ್ದಾರಿಯಲ್ಲಿ ಕೂರುವುದೂ ಉಂಟು. ಮೊಮ್ಮಗನ ಮುಖ ಅಲುಗಾಡಲಿಲ್ಲವೆಂದು ಯಾರೂ ರಸ್ತೆತಡೆ ಮಾಡಿದ್ದಿಲ್ಲ. ಅದಕ್ಕೇ ಹೊಸ ಕನೆಕ್ಷನ್ ಹಾಕಿಸುವವರಿಗೆ ನನ್ನದೊಂದು ಮಾತು: "ಎಷ್ಟು ಕೊಡ್ತೀಯಪ್ಪಾ?" ಎಂದು ಕೇಳಬೇಡಿ. ಅದೇ ಲೈನು ಹಾಕಿಸಿಕೊಂಡಿರುವ ನೆಂಟರ ಮನೆಗೆ ರಾತ್ರಿ ಒಂಬತ್ತಕ್ಕೆ ಹೋಗಿ, ಕೂತು ನೋಡಿ ಬನ್ನಿ. ವೇಗ ಸಿಗದಿದ್ದರೂ ಮುದ್ದೆ, ಉಪ್ಸಾರಿಗೆ ಮೋಸವಿಲ್ಲ.